ಯೀಸ್ಟ್ ಮೊಗ್ಗಿನೊಳಗೆ ರಸದಾನಿ ಇಳಿಯುವುದನ್ನು ಕಣ್ಣಾರೆ ನೋಡುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮೈಸೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಯೀಸ್ಟ್ ಪ್ರಯೋಗದ ದಿನ ಪ್ರತಿ ವರ್ಷ ಒಂದೇ ದೂರು ಬರುತ್ತದೆ. ಬೆಳಗಿನ ರೈಲಿನಲ್ಲಿ ಮಂಡ್ಯದಿಂದ ಬರುವ ಹುಡುಗಿಯೊಬ್ಬಳು ಹೇಳಿದ ಮಾತಿನಲ್ಲೇ ಬರೆಯುತ್ತೇನೆ: "ಮೊಗ್ಗೇನೋ ಐತೆ ಮೇಡಂ, ಒಳ್ಗಡೆ ಏನೂ ಕಾಣಾಕಿಲ್ಲ."

ತಾಯಿಕೋಶ ತನ್ನ ಕಣದಂಗಗಳನ್ನು, ಅಂದರೆ ಕೋಶದೊಳಗಿನ ಪುಟ್ಟ ಅಂಗಗಳನ್ನು, ಮಗಳುಕೋಶಕ್ಕೆ ಹಂಚುತ್ತದೆ ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಕಣ್ಣಿಂದ ನೋಡಲು ಕೂತರೆ ಹೆಚ್ಚಿನವರಿಗೆ ಕಾಣುವುದು ದುಂಡು ದುಂಡು ಕೋಶಗಳು ಮಾತ್ರ. ಸೂಕ್ಷ್ಮದರ್ಶಕ ಚೆನ್ನಾಗಿಲ್ಲ ಅಂದುಕೊಂಡು ಕೈಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಸೂಕ್ಷ್ಮದರ್ಶಕ ಕೈಕೊಡುವುದು ಅಪರೂಪ. ಎಡವಟ್ಟಾಗುವುದು ಹೊತ್ತಿನಲ್ಲಿ. ಬೆಳೆಯುವುದನ್ನು ನಿಲ್ಲಿಸಿದ ಯೀಸ್ಟನ್ನು ಸ್ಲೈಡಿಗೆ ಹಾಕಿದರೆ ಅಲ್ಲಿ ಹಂಚಿಕೆಯೇ ನಡೆಯುತ್ತಿರುವುದಿಲ್ಲ. ಇಲ್ಲದ್ದು ಕಾಣುವುದಾದರೂ ಹೇಗೆ ಹೇಳಿ.

ಹಾಗಾಗಿ ಈ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡು ಮತ್ತು ಮೂರನೇ ಹಂತವನ್ನು ಮಾತ್ರ ಯಾವ ಕಾರಣಕ್ಕೂ ಹಾರಿಸಬೇಡಿ.

## ಮೊದಲು ಇದು ತಲೆಯಲ್ಲಿರಲಿ: ಯಾವುದು ಯಾವಾಗ ಹೋಗುತ್ತದೆ

ಬೇಕರಿ ಯೀಸ್ಟಿನ ಕೋಶ ಸುಮಾರು 5ರಿಂದ 10 ಮೈಕ್ರಾನ್ ಅಗಲ ಇರುತ್ತದೆ. ಅದು ನಡುವೆ ಸೀಳಿ ಎರಡಾಗುವುದಿಲ್ಲ. ಪಕ್ಕದಲ್ಲಿ ಒಂದು ಮೊಗ್ಗು ಬಿಡುತ್ತದೆ. ಆ ಮೊಗ್ಗು ಖಾಲಿ ಚೀಲ ಇದ್ದಂತೆ. ಒಳಗೆ ಬೇಕಾದ್ದನ್ನೆಲ್ಲ ತಾಯಿ ಕಿರಿದಾದ ಕುತ್ತಿಗೆಯ ಮೂಲಕ ಸಾಗಿಸಬೇಕು.

ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ರಸದಾನಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲ (ವ್ಯಾಕ್ಯೂಯೋಲ್), ಮೊಗ್ಗು ಮೂಡುತ್ತಿದ್ದಂತೆಯೇ ಹೊರಡುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯವೂ ಮೊಗ್ಗು ಚಿಕ್ಕದಿದ್ದಾಗಲೇ ಸಾಗಲು ಶುರುಮಾಡುತ್ತದೆ. ಕೋಶಕೇಂದ್ರ ಕೊನೆಯಲ್ಲಿ ಬರುತ್ತದೆ. ಮೊಗ್ಗು ದೊಡ್ಡದಾದ ಮೇಲೆ ಅದು ಕುತ್ತಿಗೆಯ ಹತ್ತಿರ ಬಂದು, ತನ್ನ ಪೊರೆ ಒಡೆಯದೆಯೇ ಉದ್ದಕ್ಕೆ ಎಳೆದುಕೊಂಡು ಎರಡಾಗುತ್ತದೆ.

ಇವುಗಳಲ್ಲಿ ಸಾಧಾರಣ ಕಾಲೇಜು ಸೂಕ್ಷ್ಮದರ್ಶಕಕ್ಕೆ ಸಿಗುವುದು ರಸದಾನಿ ಒಂದೇ. ಮೈಟೊಕಾಂಡ್ರಿಯವನ್ನು ಇದರಲ್ಲಿ ಹುಡುಕುತ್ತಾ ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ.

## ಬೇಕಾಗುವ ಸಾಮಾನು

- ಡ್ರೈ ಯೀಸ್ಟ್, ಸೀಲ್ ಒಡೆಯದ ಹೊಸ ಪ್ಯಾಕೆಟ್
- ಗ್ಲೂಕೋಸ್ ಪುಡಿ, ಪರಿಮಳ ಮತ್ತು ಬಣ್ಣ ಸೇರಿಸದ್ದು
- ಯೀಸ್ಟ್ ಎಕ್ಸ್‌ಟ್ರಾಕ್ಟ್ ಮತ್ತು ಪೆಪ್ಟೋನ್ (ಇಲ್ಲದಿದ್ದರೆ ದಾರಿ ಇದೆ, ಮುಂದೆ ಹೇಳಿದ್ದೇನೆ)
- ನ್ಯೂಟ್ರಲ್ ರೆಡ್ ಬಣ್ಣ, ನೀರಿನಲ್ಲಿ ಶೇ. 0.1ರ ದ್ರಾವಣ
- ಪಿಎಚ್ (ಹುಳಿ-ಕ್ಷಾರದ ಅಳತೆ) 7.5ರ ಫಾಸ್ಫೇಟ್ ಬಫರ್, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ, ಮತ್ತು ಪಿಎಚ್ ಪೇಪರ್
- ಅಗಾರ್ ಅಥವಾ ಕಿರಾಣಿ ಅಂಗಡಿಯ ಚೈನಾ ಗ್ರಾಸ್
- ಸ್ಲೈಡ್, ಕವರ್ ಸ್ಲಿಪ್, ಡ್ರಾಪರ್, ವ್ಯಾಸಲಿನ್, ಹತ್ತಿ
- 40 ಮತ್ತು 100 ಪಟ್ಟಿನ ಆಬ್ಜೆಕ್ಟಿವ್ ಇರುವ ಸೂಕ್ಷ್ಮದರ್ಶಕ, ಇಮ್ಮರ್ಶನ್ ಆಯಿಲ್
- ಸಣ್ಣ ಸೆಂಟ್ರಿಫ್ಯೂಜ್. ಕೈಯಲ್ಲಿ ತಿರುಗಿಸುವುದಾದರೂ ಸಾಕು

ಯೀಸ್ಟ್ ಬದಲು ಇಡ್ಲಿ ಹಿಟ್ಟು ತಂದರೆ ಆಗುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಕೆಲಸ ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಸ್ಲೈಡಿನ ತುಂಬಾ ಅವೂ ಅಕ್ಕಿಯ ಪಿಷ್ಟದ ಕಣಗಳೂ ಇರುತ್ತವೆ. ಆ ಕಣಗಳನ್ನೇ ಯೀಸ್ಟ್ ಅಂದುಕೊಂಡು ಚಿತ್ರ ಬರೆದವರನ್ನು ನೋಡಿದ್ದೇನೆ.

## ಹಂತ 1: ಊಟ ತಯಾರು ಮಾಡಿ

100 ಮಿಲಿ ನೀರಿಗೆ 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 2 ಗ್ರಾಂ ಪೆಪ್ಟೋನ್, 2 ಗ್ರಾಂ ಗ್ಲೂಕೋಸ್ ಹಾಕಿ. ಲ್ಯಾಬಿನವರು ಇದನ್ನು ವೈಪಿಡಿ ಅನ್ನುತ್ತಾರೆ. ಎರಡು ಕಾನಿಕಲ್ ಫ್ಲಾಸ್ಕಿಗೆ 50 ಮಿಲಿಯಂತೆ ಹಂಚಿ, ಹತ್ತಿಯ ಬಿರಡೆ ಹಾಕಿ. ಆಟೋಕ್ಲೇವ್ ಇಲ್ಲದಿದ್ದರೆ ಪ್ರೆಶರ್ ಕುಕ್ಕರ್ ಸಾಕು. ಮೊದಲ ವಿಸಿಲ್ ಆದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಇಡಿ.

ಪೆಪ್ಟೋನ್ ತರಿಸಲು ದುಡ್ಡಿಲ್ಲದ ಶಾಲೆಗಳಿಗೆ ಇನ್ನೊಂದು ದಾರಿ. 5 ಗ್ರಾಂ ಡ್ರೈ ಯೀಸ್ಟನ್ನು 100 ಮಿಲಿ ನೀರಿನಲ್ಲಿ 15 ನಿಮಿಷ ಕುದಿಸಿ. ಕದಲಿಸದೆ ಕೆಲವು ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಅದಕ್ಕೆ 2 ಗ್ರಾಂ ಗ್ಲೂಕೋಸ್ ಸೇರಿಸಿ ಕುಕ್ಕರಿನಲ್ಲಿಡಿ. ಇಲ್ಲಿ ಎಚ್ಚರ ಬೇಕು: ತಳದ ಗಸಿ ಬಂದರೆ ಸತ್ತ ಕೋಶಗಳೂ ಜೊತೆಗೆ ಬರುತ್ತವೆ. ಆಮೇಲೆ ಸ್ಲೈಡಿನಲ್ಲಿ ಅವೇ ತುಂಬಿಕೊಂಡು ನಿಮ್ಮನ್ನು ದಾರಿ ತಪ್ಪಿಸುತ್ತವೆ.

ಗ್ಲೂಕೋಸ್ ಜಾಗಕ್ಕೆ ಮಂಡ್ಯದ ಬೆಲ್ಲ ಹಾಕಬಹುದಾ? ಯೀಸ್ಟ್ ಖುಷಿಯಾಗಿ ತಿನ್ನುತ್ತದೆ, ಅನುಮಾನ ಬೇಡ. ಆದರೆ ಬೆಲ್ಲದ ನೀರು ಕಂದು ಬಣ್ಣಕ್ಕಿರುತ್ತದೆ, ಕಬ್ಬಿನ ನಾರಿನ ಚೂರುಗಳೂ ಇರುತ್ತವೆ. ಕೋಶ ಎಷ್ಟು ಬೆಳೆದಿದೆ ಎಂದು ಹೊರಗಿನಿಂದ ಅಂದಾಜು ಮಾಡಲು ಆಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಈ ಪ್ರಯೋಗಕ್ಕೆ ಗ್ಲೂಕೋಸೇ ಇರಲಿ. ಬರೀ ಬೆಲ್ಲದ ನೀರಂತೂ ಬೇಡ. ಅದರಲ್ಲಿ ಸಾರಜನಕ ಸಾಲದು, ಮೊಗ್ಗು ಬೇಗ ನಿಂತುಹೋಗುತ್ತದೆ.

## ಹಂತ 2: ರಾತ್ರಿ ಎಬ್ಬಿಸಿ, ಬೆಳಿಗ್ಗೆ ಹೊಸ ಊಟ ಕೊಡಿ

ಹೆಚ್ಚಿನವರು ಸೋಲುವುದು ಇಲ್ಲಿ.

ಪ್ಯಾಕೆಟ್ಟಿನ ಯೀಸ್ಟ್ ನಿದ್ದೆಯಲ್ಲಿರುತ್ತದೆ. ಬಿಸಿನೀರಿಗೆ ಹಾಕಿ ಹತ್ತು ನಿಮಿಷಕ್ಕೆ ನೊರೆ ಬಂತು ಅಂದರೆ ಅದು ಸಕ್ಕರೆ ತಿನ್ನುತ್ತಿದೆ ಅಂತ ಅರ್ಥ. ಮೊಗ್ಗು ಬಿಡುತ್ತಿದೆ ಅಂತ ಅಲ್ಲ. ಇನ್ನು ರಾತ್ರಿಯಿಡೀ ಬೆಳೆಸಿದ ಯೀಸ್ಟನ್ನು ಬೆಳಿಗ್ಗೆ ನೇರವಾಗಿ ಸ್ಲೈಡಿಗೆ ಹಾಕಿದರೆ ಮತ್ತೊಂದು ತಪ್ಪು. ಅಷ್ಟು ಹೊತ್ತಿಗೆ ಅದು ಊಟ ಮುಗಿಸಿ ಸುಮ್ಮನೆ ಕೂತಿರುತ್ತದೆ. ಕೋಶದ ತುಂಬಾ ಒಂದೇ ಒಂದು ದೊಡ್ಡ ರಸದಾನಿ, ಪಕ್ಕದಲ್ಲಿ ಮೊಗ್ಗೇ ಇಲ್ಲ.

ಮಾಡಬೇಕಾದ್ದು ಇಷ್ಟು. ಹಿಂದಿನ ಸಂಜೆ ಒಂದು ಫ್ಲಾಸ್ಕಿಗೆ ಕಾಲು ಟೀ ಚಮಚ ಡ್ರೈ ಯೀಸ್ಟ್ ಹಾಕಿ. ದ್ರಾವಣ ಕೈಗೆ ಉಗುರುಬೆಚ್ಚಗೆ ಅನ್ನಿಸಬೇಕು. 50 ಡಿಗ್ರಿ ದಾಟಿದ ನೀರು ಯೀಸ್ಟನ್ನು ಕೊಲ್ಲಲು ಶುರುಮಾಡುತ್ತದೆ. ಬೆಳಿಗ್ಗೆ 8 ಗಂಟೆಗೆ ಅದರಿಂದ 1 ಮಿಲಿ ಮಾತ್ರ ತೆಗೆದು ಎರಡನೇ ಫ್ಲಾಸ್ಕಿನ 50 ಮಿಲಿ ಹೊಸ ಊಟಕ್ಕೆ ಸೇರಿಸಿ. ಶೇಕರ್ ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಕೈಯಲ್ಲಿ ತಿರುಗಿಸಿ.

30 ಡಿಗ್ರಿಯಲ್ಲಿ ಒಳ್ಳೆಯ ಊಟ ಸಿಕ್ಕಿದರೆ ಯೀಸ್ಟ್ ಸುಮಾರು 90 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಮೈಸೂರಿನ ಚಳಿಗಾಲದ ಬೆಳಿಗ್ಗೆ ಅದು ಆಗುವುದಿಲ್ಲ, ಇನ್ನೂ ತಡವಾಗುತ್ತದೆ. ಇನ್‌ಕ್ಯುಬೇಟರ್ ಇಲ್ಲದಿದ್ದರೆ ಫ್ಲಾಸ್ಕನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಡಿ. ಸಾಮಾನ್ಯವಾಗಿ 12ರಿಂದ 1 ಗಂಟೆಯ ಒಳಗೆ ಹದಕ್ಕೆ ಬರುತ್ತದೆ.

ಹದ ಬಂತಾ ಅಂತ ತಿಳಿಯಲು ಒಂದು ಟೆಸ್ಟ್ ಟ್ಯೂಬಿಗೆ ಸ್ವಲ್ಪ ಸುರಿದು ಹಿಂದೆ ದಿನಪತ್ರಿಕೆ ಹಿಡಿಯಿರಿ. ಅಕ್ಷರ ಓದಲು ಬರಬೇಕು, ಆದರೆ ತೆಳು ಮಂಜಿನ ಹಿಂದೆ ಇದ್ದಂತೆ ಕಾಣಬೇಕು. ಅಕ್ಷರವೇ ಕಾಣದಷ್ಟು ಹಾಲಿನಂತಾಗಿದ್ದರೆ ತಡವಾಯಿತು.

ರೈಲಿನಲ್ಲಿ ಬರುವ ಮಕ್ಕಳಿಗೆ 8 ಗಂಟೆಗೆ ಲ್ಯಾಬಿಗೆ ಬರಲು ಆಗುವುದಿಲ್ಲ. ಈ ಒಂದು ಕೆಲಸವನ್ನು ಹಾಸ್ಟೆಲಿನ ಮಕ್ಕಳಿಗೆ ಒಪ್ಪಿಸಿ. ಇದೊಂದು ಬದಲಾವಣೆಯಿಂದಲೇ ನಮ್ಮ ಬ್ಯಾಚಿನ ಅರ್ಧ ಕಷ್ಟ ತಪ್ಪಿತು.

## ಹಂತ 3: ಬಣ್ಣ ಹಾಕುವ ಮೊದಲು ಮೊಗ್ಗು ಎಣಿಸಿ

ಒಂದು ಹನಿ ಸ್ಲೈಡಿಗೆ ಹಾಕಿ 40 ಪಟ್ಟಿನಲ್ಲಿ ನೋಡಿ. 100 ಕೋಶ ಎಣಿಸಿ. ಎಷ್ಟಕ್ಕೆ ಮೊಗ್ಗಿದೆ ಎಂದು ಬರೆದಿಡಿ.

ಚೆನ್ನಾಗಿ ಬೆಳೆಯುತ್ತಿರುವ ಯೀಸ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಶಗಳು ಮೊಗ್ಗು ಹೊತ್ತಿರುತ್ತವೆ. ನಾನು ಇಟ್ಟುಕೊಂಡ ಗೆರೆ 40. ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಹೋಗುವುದಿಲ್ಲ, ಇನ್ನೊಂದು ಗಂಟೆ ಕಾಯುತ್ತೇನೆ. ಅಕ್ಕಪಕ್ಕ ಅಂಟಿಕೊಂಡ ಎರಡು ಕೋಶಗಳನ್ನು ಮೊಗ್ಗು ಎಂದು ಎಣಿಸಬೇಡಿ. ಕವರ್ ಸ್ಲಿಪ್ಪನ್ನು ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ. ಬರೀ ಅಂಟಿಕೊಂಡವು ಬೇರೆಬೇರೆಯಾಗಿ ಹೊರಳುತ್ತವೆ. ತಾಯಿ ಮತ್ತು ಮೊಗ್ಗು ಒಟ್ಟಿಗೇ ಹೊರಳುತ್ತವೆ.

## ಹಂತ 4: ನ್ಯೂಟ್ರಲ್ ರೆಡ್ ಹಾಕಿ

5 ಮಿಲಿ ಯೀಸ್ಟನ್ನು ಸೆಂಟ್ರಿಫ್ಯೂಜಿನಲ್ಲಿ ಎರಡು ಮೂರು ನಿಮಿಷ ತಿರುಗಿಸಿ. ಮೇಲಿನ ನೀರು ಚೆಲ್ಲಿ, ತಳದಲ್ಲಿ ಕೂತ ಯೀಸ್ಟನ್ನು ಶೇ. 2ರಷ್ಟು ಗ್ಲೂಕೋಸ್ ಬೆರೆಸಿದ 1 ಮಿಲಿ ಬಫರಿನಲ್ಲಿ ಕದಡಿ. ಅದಕ್ಕೆ 0.1 ಮಿಲಿ ನ್ಯೂಟ್ರಲ್ ರೆಡ್ ಸೇರಿಸಿ 10 ನಿಮಿಷ ಬಿಡಿ. ಮತ್ತೆ ತಿರುಗಿಸಿ, ಅದೇ ಬಫರಿನಲ್ಲಿ ಒಮ್ಮೆ ತೊಳೆದು (ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಬೇಡ), ಬಫರಿನಲ್ಲೇ ಇಟ್ಟುಕೊಳ್ಳಿ.

ಬಫರ್ ಯಾಕೆ ಬೇಕು? ಈ ಬಣ್ಣ ಸ್ವಲ್ಪ ಕ್ಷಾರದಲ್ಲಿ ಹಳದಿಗೆ ತಿರುಗುತ್ತದೆ, ಆ ರೂಪದಲ್ಲೇ ಪೊರೆ ದಾಟುತ್ತದೆ. ರಸದಾನಿಯ ಒಳಗೆ ಹುಳಿ ಇರುತ್ತದೆ. ಅಲ್ಲಿ ಹೋದ ಬಣ್ಣ ಕೆಂಪಾಗಿ, ಹೊರಗೆ ಬರಲಾಗದೆ ಅಲ್ಲೇ ಉಳಿಯುತ್ತದೆ. ಬಫರ್ ಇಲ್ಲದೆ ಯೀಸ್ಟ್ ಬೆಳೆದ ನೀರಿಗೇ ಬಣ್ಣ ಹಾಕಿದರೆ ಆ ನೀರೇ ಹುಳಿಯಾಗಿರುವುದರಿಂದ ಬಣ್ಣ ಹೊರಗೇ ಕೆಂಪಾಗಿ ನಿಲ್ಲುತ್ತದೆ. ಬಫರ್ ಸಿಗದಿದ್ದರೆ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಪಿಎಚ್ ಪೇಪರಿನಲ್ಲಿ 7.5ರಿಂದ 8ರ ನಡುವೆ ಬಂದಿದೆಯಾ ನೋಡಿಕೊಳ್ಳಿ.

ತುಂಬಾ ಜನ ಇಲ್ಲಿ ಮಿಥೈಲೀನ್ ಬ್ಲೂ ಹಾಕುತ್ತಾರೆ. ಶಾಲೆಯಲ್ಲಿ ಅದೇ ಅಭ್ಯಾಸ ಆಗಿರುತ್ತದೆ, ಅಲ್ವಾ? ಆದರೆ ಆ ಬಣ್ಣ ಹೇಳುವುದು ಯಾವ ಕೋಶ ಸತ್ತಿದೆ ಎಂದು. ಸತ್ತದ್ದು ಪೂರ್ತಿ ನೀಲಿಯಾಗುತ್ತದೆ, ಬದುಕಿರುವುದು ಬಣ್ಣವಿಲ್ಲದೆ ಉಳಿಯುತ್ತದೆ. ರಸದಾನಿ ನೋಡಲು ಅದು ಉಪಯೋಗವಿಲ್ಲ.

## ಹಂತ 5: ಹಾಸಿನ ಮೇಲೆ ಕೂರಿಸಿ

ಬರೀ ಹನಿಯಲ್ಲಿ ಕೋಶಗಳು ತೇಲಾಡುತ್ತವೆ. ಫೋಕಸ್ ಮಾಡುವಷ್ಟರಲ್ಲಿ ಜಾಗ ಬಿಟ್ಟಿರುತ್ತವೆ. ಅದಕ್ಕೆ ಅಗಾರಿನ ಹಾಸು ಬೇಕು. ಹಂತ 1ರಂತೆ ಬೇರೆಯಾಗಿ ಮಾಡಿಕೊಂಡ 20 ಮಿಲಿ ಊಟಕ್ಕೆ 0.3 ಗ್ರಾಂ ಅಗಾರ್ ಅಥವಾ ಚೈನಾ ಗ್ರಾಸ್ ಹಾಕಿ ಪೂರ್ತಿ ಕರಗುವ ತನಕ ಕಾಯಿಸಿ. ಸ್ಲೈಡಿಗೆ ಒಂದು ಹನಿ ಬಿಟ್ಟು, ಮೇಲೆ ಇನ್ನೊಂದು ಸ್ಲೈಡನ್ನು ಅಡ್ಡಲಾಗಿ ಇಟ್ಟು ಮೆಲ್ಲಗೆ ಒತ್ತಿ. ಗಟ್ಟಿಯಾದ ಮೇಲೆ ಮೇಲಿನದನ್ನು ಜಾರಿಸಿ ತೆಗೆಯಿರಿ. ಹಾಸು ದಪ್ಪ ಆಗಬಾರದು, ರೊಟ್ಟಿಗಿಂತ ತೆಳ್ಳಗೆ ನೀರು ದೋಸೆಯಂತಿರಬೇಕು.

ಅದರ ಮೇಲೆ ಯೀಸ್ಟಿನ ಸಣ್ಣ ಹನಿ ಇಟ್ಟು, ನೀರು ಹೀರಿಕೊಂಡ ಮೇಲೆ ಕವರ್ ಸ್ಲಿಪ್ ಮುಚ್ಚಿ ಅಂಚಿಗೆ ವ್ಯಾಸಲಿನ್ ಹಚ್ಚಿ. ಮಂಡ್ಯದ ಬೇಸಿಗೆಯಲ್ಲಿ ವ್ಯಾಸಲಿನ್ ಇಲ್ಲದ ಸ್ಲೈಡ್ ಬೇಗನೆ ಒಣಗುತ್ತದೆ. ಒಣಗುವಾಗ ಕೋಶದ ಸುತ್ತ ಉಪ್ಪಿನಂಶ ಹೆಚ್ಚಿ ರಸದಾನಿ ಚೂರು ಚೂರಾಗುತ್ತದೆ. ಆಗ ನೀವು ನೋಡುವುದು ಹಂಚಿಕೆಯನ್ನಲ್ಲ, ಒಣಗಿದ ಕೋಶದ ಪಾಡನ್ನು.

## ಹಂತ 6: ಬೆಳಕು ಕಡಿಮೆ ಮಾಡಿ

10 ಪಟ್ಟಿನಲ್ಲಿ ಜಾಗ ಹುಡುಕಿ, 40ಕ್ಕೆ ಹೋಗಿ, ಆಮೇಲೆ ಎಣ್ಣೆ ಹಾಕಿ 100ಕ್ಕೆ ಬನ್ನಿ. ಕಂಡೆನ್ಸರಿನ ಡಯಾಫ್ರಂ ಸ್ವಲ್ಪ ಮುಚ್ಚಿ. ಪೂರ್ತಿ ತೆರೆದರೆ ಎಲ್ಲ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಎಣ್ಣೆ ಹಾಕಿದ ಮೇಲೆ 40 ಪಟ್ಟಿನ ಲೆನ್ಸನ್ನು ಮತ್ತೆ ಸ್ಲೈಡಿನ ಮೇಲೆ ತರಬೇಡಿ, ಎಣ್ಣೆ ಅದಕ್ಕೂ ಹತ್ತಿಕೊಳ್ಳುತ್ತದೆ.

ಈಗ ಕಾಣುವುದರಲ್ಲಿ ಯಾವುದು ರಸದಾನಿ? ನಯವಾದ ಅಂಚಿನ, ತಿಳಿ ಕೆಂಪು ಅಥವಾ ಗುಲಾಬಿ ಬಣ್ಣದ ದುಂಡು ಜಾಗ ಅದು. ಒಂದು ನಿಮಿಷ ಬಿಡದೆ ನೋಡಿ. ಕೆಲವು ಕೋಶಗಳಲ್ಲಿ ಆ ದುಂಡಿನ ಒಳಗೆ ಕರಿ ಎಳ್ಳಿನ ಚೂರಿನಂಥ ಒಂದು ಕಣ ನಿಲ್ಲದೆ ಅತ್ತಿತ್ತ ಕುಣಿಯುತ್ತಿರುತ್ತದೆ. ರಸದಾನಿಯ ಒಳಗಿನ ಪಾಲಿಫಾಸ್ಫೇಟ್ ಕಣ ಅದು. ಗೋಡೆಗೆ ಬಂದು ತಾಗುತ್ತದೆ, ಮತ್ತೆ ಒಳಕ್ಕೆ ಹೋಗುತ್ತದೆ, ಆದರೆ ಹೊರಗೆ ಬರುವುದೇ ಇಲ್ಲ. ಅದನ್ನು ಕಂಡರೆ ಮತ್ತೆ ಅನುಮಾನ ಬೇಡ. ಕೋಶದಲ್ಲಿ ಮಿಣುಕುವ ಪುಟಾಣಿ ಚುಕ್ಕೆಗಳು ಕೊಬ್ಬಿನ ಹನಿಗಳು. ದಪ್ಪ ಕಪ್ಪು ಅಂಚಿನ ದೊಡ್ಡ ಉಂಗುರ ಗಾಳಿಗುಳ್ಳೆ.

## ಹಂತ 7: ಮೊಗ್ಗಿನ ಗಾತ್ರವನ್ನೇ ಗಡಿಯಾರ ಮಾಡಿಕೊಳ್ಳಿ

ಒಂದೇ ಕೋಶವನ್ನು ಕಾಯುವ ಮೊದಲು ಬೇರೆ ಬೇರೆ ವಯಸ್ಸಿನ ಮೊಗ್ಗುಗಳನ್ನು ಸಾಲಾಗಿ ನೋಡಿ. ಒಂದೇ ಸ್ಲೈಡಿನಲ್ಲಿ ಎಲ್ಲವೂ ಇರುತ್ತವೆ.

ಪುಟ್ಟ ಮೊಗ್ಗು. ತಾಯಿಯ ಅಗಲದ ಕಾಲು ಭಾಗಕ್ಕಿಂತ ಚಿಕ್ಕದು. ತಾಯಿಯ ರಸದಾನಿ ದುಂಡಗಿರುವುದಿಲ್ಲ. ಮೊಗ್ಗಿನ ಕಡೆಗೆ ಒಂದು ಬೆರಳು ಚಾಚಿದಂತೆ ಮೂತಿ ಮಾಡಿಕೊಂಡಿರುತ್ತದೆ. ನಮ್ಮ ಮಕ್ಕಳು ಇದನ್ನೇ ಕೈಬಿಡುವುದು. ಮೊಗ್ಗಿನ ಒಳಗೆ ಹುಡುಕುತ್ತಾರೆ, ತಾಯಿಯನ್ನು ನೋಡುವುದಿಲ್ಲ. ಮೊದಲ ಸುಳಿವು ಇರುವುದು ತಾಯಿಯಲ್ಲೇ.

ನಡುಗಾತ್ರದ ಮೊಗ್ಗು. ಕೆಂಪು ಎಳೆಯೋ ಮಣಿಸರವೋ ಕುತ್ತಿಗೆ ದಾಟಿ ಮೊಗ್ಗಿನೊಳಗೆ ಇಳಿದಿರುತ್ತದೆ. ಎಲ್ಲಾ ಮೊಗ್ಗಿನಲ್ಲೂ ಇದು ಸಿಗುವುದಿಲ್ಲ. ಫೈನ್ ಅಡ್ಜಸ್ಟ್‌ಮೆಂಟನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತಾ ಹತ್ತಿಪ್ಪತ್ತು ಕೋಶ ನೋಡಿ.

ದೊಡ್ಡ ಮೊಗ್ಗು. ತಾಯಿಯ ಮುಕ್ಕಾಲು ಗಾತ್ರದ್ದು. ಎಳೆ ತುಂಡಾಗಿ, ತಾಯಿಗೊಂದು ಮಗಳಿಗೊಂದು ದುಂಡು ರಸದಾನಿ ಇರುತ್ತದೆ. ಕೋಶಕೇಂದ್ರ ಕುತ್ತಿಗೆಗೆ ಬರುವ ಹೊತ್ತು ಇದು. ಈ ಬಣ್ಣದಲ್ಲಿ ಅದು ಕಾಣುವುದಿಲ್ಲ.

ಆ ಎಳೆಯನ್ನು ಎಳೆಯುವವರು ಯಾರು ಎಂದು ಗೊತ್ತಿದ್ದರೆ ನೋಡುವುದು ಸುಲಭ. ತಾಯಿಯಿಂದ ಮೊಗ್ಗಿನವರೆಗೆ ಆಕ್ಟಿನ್ ಎಂಬ ಪ್ರೋಟೀನಿನ ಹಗ್ಗಗಳು ಹಾಸಿರುತ್ತವೆ. ಅವುಗಳ ಮೇಲೆ ಮೈಯೊ2 ಎಂಬ ಮೋಟಾರ್ ಪ್ರೋಟೀನ್ ಮೊಗ್ಗಿನ ಕಡೆಗೆ ನಡೆಯುತ್ತದೆ. ಮಂಡ್ಯದ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ನೆನಪಿಸಿಕೊಳ್ಳಿ. ಎಂಜಿನ್ ಒಂದೇ, ಹಿಂದೆ ಸಿಕ್ಕಿಸುವ ಟ್ರೈಲರ್ ಬೇರೆ ಬೇರೆ. ಸಿಕ್ಕಿಸಲು ಕೊಂಡಿ ಬೇಕು. ರಸದಾನಿಯ ಪೊರೆಯ ಮೇಲೆ ವ್ಯಾಕ್8 ಎಂಬ ಪ್ರೋಟೀನ್ ಇದೆ. ಅದನ್ನು ಮೋಟಾರಿಗೆ ಸೇರಿಸುವ ಕೊಂಡಿ ವ್ಯಾಕ್17. ಪೆರಾಕ್ಸಿಸೋಮ್ ಎಂಬ ಇನ್ನೊಂದು ಕಣದಂಗಕ್ಕೆ ಇನ್ಪ್2 ಎಂಬ ಬೇರೆ ಕೊಂಡಿ. ಮೈಟೊಕಾಂಡ್ರಿಯಕ್ಕೆ ಎಂಎಂಆರ್1.

ಫ್ಯಾಕ್ಟರಿ ಅಂಗಳ ಮುಟ್ಟಿದ ಮೇಲೆ ಕೊಂಡಿ ಕಳಚಬೇಕು. ಯೀಸ್ಟಿನಲ್ಲೂ ಹಾಗೇ. ಮೊಗ್ಗಿನೊಳಗೆ ವ್ಯಾಕ್17 ಒಡೆದುಹೋಗುತ್ತದೆ, ರಸದಾನಿ ಅಲ್ಲೇ ಉಳಿಯುತ್ತದೆ. ಕೊಂಡಿ ಒಡೆಯದಂತೆ ಮಾಡಿದ ಯೀಸ್ಟ್ ತಳಿಗಳಲ್ಲಿ ಮೋಟಾರ್ ಕೊನೆಯಲ್ಲಿ ಕುತ್ತಿಗೆಗೆ ವಾಪಸ್ ಬರುವಾಗ ರಸದಾನಿಯೂ ಅದರ ಹಿಂದೆ ಬಂದುಬಿಡುತ್ತದೆ. ರಸದಾನಿ ಪೂರ್ತಿ ತಾಯಿಯಲ್ಲೇ ಉಳಿದರೂ ಮಗಳು ಸಾಯುವುದಿಲ್ಲ. ಹೊಸದಾಗಿ ಒಂದನ್ನು ಕಟ್ಟಿಕೊಳ್ಳುತ್ತದೆ. ಆದರೆ ಅದು ತಯಾರಾಗುವ ತನಕ ಮಗಳು ತನ್ನ ಮೊದಲ ಮೊಗ್ಗು ಬಿಡುವುದನ್ನು ತಡೆಹಿಡಿಯುತ್ತದೆ. ಮೈಟೊಕಾಂಡ್ರಿಯಕ್ಕೆ ಆ ಸೌಲಭ್ಯ ಇಲ್ಲ. ಅದನ್ನು ಹೊಸದಾಗಿ ಕಟ್ಟಲು ಬರುವುದಿಲ್ಲ, ತಾಯಿ ಕೊಡಲೇಬೇಕು.

## ಹಂತ 8: ಒಂದು ಕೋಶವನ್ನು ಹಿಂಬಾಲಿಸಿ

ಪುಟ್ಟ ಮೊಗ್ಗಿನ ಒಂದು ಕೋಶ ಆರಿಸಿ. ಮೊಬೈಲ್ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು 5 ನಿಮಿಷಕ್ಕೊಂದು ಫೋಟೊ ತೆಗೆಯಿರಿ, ಒಂದು ಗಂಟೆಯ ತನಕ. ನಡುವೆ ದೀಪ ಆರಿಸಿ. ಇದು ತುಂಬಾ ಮುಖ್ಯ. ನ್ಯೂಟ್ರಲ್ ರೆಡ್ ಇರುವ ಕೋಶಕ್ಕೆ ಜೋರು ಬೆಳಕು ವಿಷದಂತೆ. ದೀಪ ಉರಿಯುತ್ತಲೇ ಇದ್ದರೆ ಮೊಗ್ಗು ಬೆಳೆಯುವುದು ನಿಂತುಹೋಗುತ್ತದೆ.

ನಾಲ್ಕು ಫೋಟೊ ಆದರೂ ಮೊಗ್ಗಿನ ಗಾತ್ರ ಬದಲಾಗದಿದ್ದರೆ ಆ ಕೋಶ ಬಿಡಿ, ಬೇರೆ ಹಿಡಿಯಿರಿ.

## ಹಂತ 9: ಉಪ್ಪಿನ ಪರೀಕ್ಷೆ

ನೀವು ನೋಡಿದ್ದು ರಸದಾನಿಯೇ ಎಂದು ಖಾತ್ರಿ ಮಾಡಿಕೊಳ್ಳುವ ಹಂತ ಇದು. ಗ್ಲೂಕೋಸ್ ಬೆರೆಸಿದ 100 ಮಿಲಿ ಬಫರಿಗೆ 2.3 ಗ್ರಾಂ ಉಪ್ಪು ಹಾಕಿ. ಬಣ್ಣ ಹಾಕಿದ ಯೀಸ್ಟಿನ ಸ್ವಲ್ಪ ಭಾಗವನ್ನು ಇದರಲ್ಲಿ 10 ನಿಮಿಷ ಬಿಟ್ಟು ನೋಡಿ. ದೊಡ್ಡ ದುಂಡು ಒಡೆದು ಹಲವು ಪುಟ್ಟ ದುಂಡುಗಳಾಗಿರುತ್ತವೆ. ಇನ್ನೊಂದು ಭಾಗವನ್ನು ಬರೀ ನೀರಿಗೆ ಹಾಕಿದರೆ ಪುಟ್ಟವು ಕೂಡಿಕೊಂಡು ದೊಡ್ಡದೊಂದಾಗುತ್ತವೆ. ಕೊಬ್ಬಿನ ಹನಿಯೋ ಗಾಳಿಗುಳ್ಳೆಯೋ ಹೀಗೆ ಮಾಡುವುದಿಲ್ಲ.

ನಾಲ್ಕನೇ ಹಂತದಲ್ಲಿ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ನೀರು ತಾಗಿದರೆ ನೀವು ಹುಡುಕುತ್ತಿರುವ ಎಳೆ, ಮಣಿಸರ ಎಲ್ಲ ಕೂಡಿಕೊಂಡು ಒಂದೇ ಉಂಡೆಯಾಗಬಹುದು.

## ಈ ಲಕ್ಷಣ ಕಂಡರೆ ನಿಲ್ಲಿಸಿ

ಕೋಶ ಪೂರ್ತಿ ಒಂದೇ ಸಮ ಕೆಂಪಾಗಿದ್ದರೆ ಅದು ಸತ್ತಿದೆ. ಇಂಥವು ಹತ್ತರಲ್ಲಿ ಎರಡಕ್ಕಿಂತ ಜಾಸ್ತಿ ಇದ್ದರೆ ಬಣ್ಣ ಹೆಚ್ಚಾಗಿದೆ, ಇಲ್ಲವೇ ಬಿಸಿ ತಾಗಿದೆ.

ಬಣ್ಣ ಎಲ್ಲೂ ಹಿಡಿದಿಲ್ಲವಾ? ಪಿಎಚ್ ಪೇಪರ್ ತೆಗೆಯಿರಿ.

ಯೀಸ್ಟಿಗಿಂತ ತುಂಬಾ ಚಿಕ್ಕ ಕಡ್ಡಿಗಳು ಓಡಾಡುತ್ತಿದ್ದರೆ, ಫ್ಲಾಸ್ಕಿನಿಂದ ಬ್ರೆಡ್ಡಿನ ವಾಸನೆಯ ಬದಲು ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ ಸೇರಿದೆ. ಆ ಫ್ಲಾಸ್ಕನ್ನು ಉಳಿಸಿಕೊಳ್ಳಲು ಹೋಗಬೇಡಿ. ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿ, ಹೊಸದು ಮಾಡಿ.

## ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಸಿಗುವವರಿಗೆ

ಎಫ್‌ಎಂ 4-64 ಎಂಬ ಬಣ್ಣ ರಸದಾನಿಯ ಪೊರೆಯನ್ನೇ ಉಂಗುರದಂತೆ ಹೊಳೆಯಿಸುತ್ತದೆ. ಅರ್ಧ ಗಂಟೆ ಬಣ್ಣದಲ್ಲಿಟ್ಟು, ತೊಳೆದು, ಬಣ್ಣವಿಲ್ಲದ ಹೊಸ ಊಟದಲ್ಲಿ ಒಂದರಿಂದ ಒಂದೂವರೆ ಗಂಟೆ ಬೆಳೆಸಬೇಕು. ತೊಳೆದ ತಕ್ಷಣ ನೋಡಿದರೆ ಬಣ್ಣ ಇನ್ನೂ ದಾರಿಯಲ್ಲಿರುತ್ತದೆ, ಹೊರಪೊರೆ ಮತ್ತು ಚುಕ್ಕೆಗಳಷ್ಟೇ ಹೊಳೆಯುತ್ತವೆ. ಮೊದಲ ಮೂರು ಹಂತ ಇಲ್ಲೂ ಹಾಗೇ. ದುಬಾರಿ ಸೂಕ್ಷ್ಮದರ್ಶಕ ಇದ್ದರೂ ನಿದ್ದೆ ಮಾಡುವ ಯೀಸ್ಟ್ ಏನನ್ನೂ ತೋರಿಸುವುದಿಲ್ಲ.

## ಕೆಲಸ ಮುಗಿದ ಮೇಲೆ

ಎಣ್ಣೆ ಹತ್ತಿದ ಲೆನ್ಸನ್ನು ಲೆನ್ಸ್ ಪೇಪರಿನಲ್ಲೇ ಒರೆಸಿ. ಉಳಿದ ಯೀಸ್ಟನ್ನು ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿ. ಹಿಂದಿನ ಸಂಜೆಯ ಫ್ಲಾಸ್ಕ್ ಚೆನ್ನಾಗಿದ್ದರೆ ಫ್ರಿಜ್ಜಿನಲ್ಲಿಡಿ, ಒಂದು ವಾರ ನಡೆಯುತ್ತದೆ. ಇವತ್ತು ಕಾಣದಿದ್ದವರು ನಾಳೆ ಬೆಳಿಗ್ಗೆ 8 ಗಂಟೆಗೆ ಅದರಿಂದ 1 ಮಿಲಿ ತೆಗೆದು ಎರಡನೇ ಹಂತದ ಬೆಳಗಿನ ಕೆಲಸದಿಂದ ಮತ್ತೆ ಶುರುಮಾಡಬಹುದು. ಆ ಮಂಡ್ಯದ ಹುಡುಗಿಗೆ ಎರಡನೇ ದಿನ ಮಧ್ಯಾಹ್ನ ಸಿಕ್ಕಿತು, ಹದಿನಾರನೇ ಕೋಶದಲ್ಲಿ. ರೆಕಾರ್ಡ್ ಪುಸ್ತಕದಲ್ಲಿ ಅವಳು ಮೊದಲು ಬರೆದದ್ದು ಮೊಗ್ಗನ್ನಲ್ಲ, ಅದರ ಕಡೆಗೆ ಮೂತಿ ಚಾಚಿದ ತಾಯಿಯ ರಸದಾನಿಯನ್ನು.